ಹತ್ತಿರ ಇಲ್ಲದವರಿಗೊಂದು ಬೊಲೆರೊ: ಸ್ಪ್ಯಾನಿಷ್ ವಿರಹದ ಹಾಡನ್ನು ಕೇಳಿ, ಅರ್ಥಮಾಡಿಕೊಂಡು, ಹಾಡಲು ಸಮಗ್ರ ಮಾರ್ಗದರ್ಶಿ

ಭಾಷೆ ಬರದಿದ್ದರೂ ಆ ಭಾಷೆಯ ಹಾಡು ಕಲಿಯುವುದು ನಮಗೇನೂ ಹೊಸದಲ್ಲ. ತೆಲುಗು ಮಾತಾಡಲು ಬಾರದೆಯೇ ತ್ಯಾಗರಾಜರ ಕೃತಿಗಳನ್ನು ಕಲಿತವರು ಕರ್ನಾಟಕದಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಹಾಗಾಗಿ ಸ್ಪ್ಯಾನಿಷ್ ಹಾಡೊಂದನ್ನು ಕಲಿಯಬೇಕು ಅನ್ನಿಸಿದರೆ ಹಿಂಜರಿಯಬೇಡಿ.

ಆದರೆ ವಿರಹದ ಹಾಡಿನಲ್ಲಿ ಒಂದು ತೊಡಕಿದೆ. ಅರ್ಥ ಗೊತ್ತಿಲ್ಲದಾಗ ನಾವು ಎಲ್ಲ ಹಾಡನ್ನೂ ಒಂದೇ ಬಗೆಯ ದುಃಖದಲ್ಲಿ ಅದ್ದಿಬಿಡುತ್ತೇವೆ. ದೂರದ ಊರಿನಲ್ಲಿರುವವಳು, ಬರುತ್ತೇನೆ ಅಂತ ಬಾರದೇ ಹೋದವಳು, ತೀರಿಕೊಂಡವಳು, ಇನ್ನೂ ಎದುರಿಗೇ ಕೂತಿರುವವಳು, ಎಲ್ಲರಿಗೂ ಅದೇ ಅಳುಮುಖ, ಅದೇ ನಡುಗುವ ದನಿ. ಕೇಳುವವರಿಗೆ ಸ್ಪ್ಯಾನಿಷ್ ಬರುತ್ತಿದ್ದರೆ ಎರಡೇ ಸಾಲಿಗೆ ಗೊತ್ತಾಗುತ್ತದೆ, ಹಾಡುವವರಿಗೆ ಹಾಡು ತಲುಪಿಲ್ಲ ಅಂತ.

ಇದಕ್ಕೆ ಪರಿಹಾರ ಇದೆ, ಅಷ್ಟೇನೂ ಕಷ್ಟವಲ್ಲ. ಇಡೀ ಭಾಷೆ ಕಲಿಯಬೇಕಾಗಿಲ್ಲ. ಒಂದು ಕ್ರಿಯಾಪದ ಕಲಿತರೆ ಅರ್ಧ ಕೆಲಸ ಮುಗಿಯಿತು. ಅದು ನಾಲ್ಕನೇ ಹಂತದಲ್ಲಿ ಬರುತ್ತದೆ.

ಬೇಕಾದ್ದು ಇಷ್ಟು: ಫೋನು, ಒಳ್ಳೆಯ ಇಯರ್‌ಫೋನು, ನೋಟ್‌ಬುಕ್ಕು, ಪೆನ್ಸಿಲ್ಲು. ಗಿಟಾರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ದಿನಕ್ಕೆ ಅರ್ಧ ಗಂಟೆ ಕೂತರೆ ಮೂರ್ನಾಲ್ಕು ವಾರದಲ್ಲಿ ಒಂದು ಹಾಡು ಕೈಗೆ ಬರುತ್ತದೆ.

ಶುರು ಮಾಡುವ ಮುನ್ನ: ಯಾವ ಬೊಲೆರೊ?

ಬೊಲೆರೊ ಅಂತ ಹುಡುಕಿದರೆ ಮೊದಲು ಸಿಗುವುದು ಫ್ರೆಂಚ್ ಸಂಗೀತಗಾರ ರಾವೆಲ್ 1928ರಲ್ಲಿ ಬರೆದ ಆರ್ಕೆಸ್ಟ್ರಾ ಕೃತಿ. ಅದು ನಮಗೆ ಬೇಡ. ಅದರ ಹಿಂದಿರುವ ಸ್ಪೇನ್ ದೇಶದ ಮೂರೆಣಿಕೆಯ ಕುಣಿತವೂ ಬೇಡ. ನಮಗೆ ಬೇಕಾದ ಬೊಲೆರೊ ಕ್ಯೂಬಾದ್ದು. ಹೆಸರು ಒಂದೇ, ಹಾಡು ಬೇರೆ.

ಕ್ಯೂಬಾದ ಪೂರ್ವ ತುದಿಯಲ್ಲಿ ಸಾಂತ್ಯಾಗೊ ಅನ್ನುವ ಊರಿದೆ. ಅಲ್ಲಿ ಪೇಪೆ ಸಾಂಚೆಸ್ ಅನ್ನುವ ದರ್ಜಿ ಇದ್ದರು. ಬಟ್ಟೆ ಹೊಲಿಯುವುದು ಕಸುಬು, ಗಿಟಾರ್ ಗೀಳು. 1883ರಲ್ಲಿ ಅವರು ಕಟ್ಟಿದ ‘ತ್ರಿಸ್ತೇಸಸ್’ ಅನ್ನು ಮೊದಲ ಬೊಲೆರೊ ಅಂತ ಸಾಮಾನ್ಯವಾಗಿ ಎಣಿಸುತ್ತಾರೆ. ಹೆಸರಿನ ಅರ್ಥ ‘ದುಃಖಗಳು’. ಅಲ್ಲಿಂದ ಈ ಹಾಡು ಸಮುದ್ರ ದಾಟಿ ಮೆಕ್ಸಿಕೋದ ಯುಕಾತಾನ್ ತೀರಕ್ಕೆ ಬಂತು, ಆಮೇಲೆ ರಾಜಧಾನಿಗೆ ಹೋಯಿತು. 1930ರಲ್ಲಿ ಮೆಕ್ಸಿಕೋ ನಗರದಲ್ಲಿ ಎಕ್ಸ್‌ಇಡಬ್ಲ್ಯೂ ರೇಡಿಯೊ ಶುರುವಾದ ಮೇಲಂತೂ ಸ್ಪ್ಯಾನಿಷ್ ಮಾತಾಡುವ ಊರೂರಿಗೂ ಹಬ್ಬಿತು. 1944ರಲ್ಲಿ ನ್ಯೂಯಾರ್ಕ್‌ನಲ್ಲಿ ‘ತ್ರೀಯೊ ಲೋಸ್ ಪಾಂಚೋಸ್’ ತಂಡ ಹುಟ್ಟಿತು: ಮೂರು ಕಂಠ, ಮೂರು ಗಿಟಾರ್. ಇವತ್ತು ಬೊಲೆರೊ ಅಂದ ಕೂಡಲೇ ಎಷ್ಟೋ ಜನರ ಕಿವಿಗೆ ಬರುವುದು ಆ ಮೂವರ ದನಿಯೇ. 2023ರಲ್ಲಿ ಕ್ಯೂಬಾ ಮತ್ತು ಮೆಕ್ಸಿಕೋ ಎರಡೂ ಸೇರಿ ಬೊಲೆರೊವನ್ನು ಯುನೆಸ್ಕೋದ ಪರಂಪರೆ ಪಟ್ಟಿಗೆ ಸೇರಿಸಿದವು. ಇತಿಹಾಸ ಇಷ್ಟು ಸಾಕು.

ಹಂತ 1: ಹಾಡು ಆರಿಸಿಕೊಳ್ಳಿ

ಸಾವಿರಾರು ಬೊಲೆರೊಗಳಿವೆ. ಕಲಿಯುವವರಿಗೆ ನಾನು ಹೇಳುವುದು ನಾಲ್ಕು. ನಾಲ್ಕರಲ್ಲೂ ಪ್ರೀತಿಸಿದವರು ಜೊತೆಗಿಲ್ಲ ಅನ್ನುವ ನೋವು ಇದೆ, ಆದರೆ ಆ ‘ಇಲ್ಲ’ ಒಂದೊಂದರಲ್ಲೂ ಬೇರೆ.

‘ಬೇಸಮೆ ಮೂಚೊ’, ಅಂದರೆ ‘ತುಂಬ ಮುತ್ತಿಡು’, ಎಲ್ಲರೂ ಎಲ್ಲಾದರೂ ಕೇಳಿರುವ ಹಾಡು. ಬರೆದವರು ಕೊನ್ಸುವೇಲೊ ಬೆಲಾಸ್ಕೆಸ್, ಮೆಕ್ಸಿಕೋದ ಹಾಲಿಸ್ಕೊ ರಾಜ್ಯದ ಪಿಯಾನೊ ವಾದಕಿ. ನನಗೆ ಯಾರೂ ಇನ್ನೂ ಮುತ್ತು ಕೊಟ್ಟಿರದ ವಯಸ್ಸಿನಲ್ಲಿ ಮುತ್ತಿನ ಹಾಡು ಬರೆದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಎರಡನೇ ಮಹಾಯುದ್ಧದ ಹೊತ್ತಿಗೆ ಇದು ಅಮೆರಿಕದಲ್ಲೂ ದೊಡ್ಡ ಹಿಟ್ ಆಯಿತು. ಗಂಡಸರು ಯುದ್ಧಕ್ಕೆ ಹೊರಡುತ್ತಿದ್ದ ಕಾಲ. ಯಾಕೆ ಹಿಡಿಸಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

‘ಕೊಂತೀಗೊ ಎನ್ ಲ ದಿಸ್ತಾನ್ಸ್ಯ’, ಅಂದರೆ ‘ದೂರದಲ್ಲಿ ನಿನ್ನೊಂದಿಗೆ’. ಹವಾನಾದ ಸೇಸರ್ ಪೊರ್ತೀಯೊ ದೆ ಲ ಲೂಸ್ 1946ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿದ್ದಾಗ, ಕಟ್ಟಿದ್ದು.

‘ಎಸ್ತ ತಾರ್ದೆ ಬಿ ಯೊಬೇರ್’, ‘ಈ ಸಂಜೆ ಮಳೆ ನೋಡಿದೆ’. 1960ರ ದಶಕದ್ದು. ಬರೆದವರು ಯುಕಾತಾನ್‌ನ ಮೇರಿದಾ ಊರಿನ ಆರ್ಮಾಂದೊ ಮಾನ್ಸನೇರೊ. ನಾಲ್ಕರಲ್ಲಿ ನನಗೆ ಅತಿ ಪ್ರಿಯವಾದ್ದು ಇದು.

‘ಇಸ್ತೋರ್ಯ ದೆ ಉನ್ ಅಮೋರ್’, ‘ಒಂದು ಪ್ರೀತಿಯ ಕಥೆ’. ಪನಾಮಾದ ಕಾರ್ಲೋಸ್ ಎಲೇತಾ ಅಲ್ಮರಾನ್ 1955ರಲ್ಲಿ ಬರೆದದ್ದು. ಅವರ ಅಣ್ಣತಮ್ಮಂದಿರಲ್ಲಿ ಒಬ್ಬರ ಹೆಂಡತಿ ತೀರಿಕೊಂಡಿದ್ದರು. ಹೆಂಡತಿಯನ್ನು ಕಳೆದುಕೊಂಡವನ ಬಾಯಲ್ಲಿ ಹೇಳಿಸಿದ ಹಾಡು ಇದು.

ಯಾವುದರಿಂದ ಶುರು ಮಾಡುವುದು? ಹಾಡುವ ದೃಷ್ಟಿಯಿಂದ ಕೊನೆಯದು ಸುಲಭ. ರಾಗ ಮಾತಿನ ಏರಿಳಿತಕ್ಕೆ ಹತ್ತಿರ, ದೊಡ್ಡ ಜಿಗಿತಗಳು ಕಮ್ಮಿ. ಪೊರ್ತೀಯೊ ಅವರ ಹಾಡು ಕೇಳಲು ಸರಳ ಅನ್ನಿಸಿದರೂ ಹಾಡಲು ಕೂತಾಗ ಜಾರುತ್ತದೆ. ಅದನ್ನು ಮೊದಲನೆಯದಾಗಿ ಹಿಡಿಯಬೇಡಿ.

ಹಂತ 2: ಸಾಹಿತ್ಯ ನೋಡದೆ ಕೇಳಿ

ಎಲ್ಲರೂ ಮೊದಲು ಮಾಡುವುದು ಸಾಹಿತ್ಯ ಹುಡುಕುವ ಕೆಲಸ. ಸ್ವಲ್ಪ ತಡೆಯಿರಿ. ಎರಡು ದಿನ ಸುಮ್ನೆ ಕೇಳಿ.

ಒಂದು ಸಲ ಕಂಠ ಮಾತ್ರ ಗಮನಿಸಿ. ಹಾಡುವವರು ಉಸಿರು ತೆಗೆದುಕೊಳ್ಳುವುದು ಎಲ್ಲಿ? ಅಲ್ಲೇ ಸಾಲು ಮುರಿಯುತ್ತದೆ. ಇನ್ನೊಂದು ಸಲ ಕಂಠ ಬಿಟ್ಟು ಉಳಿದದ್ದನ್ನು ಕೇಳಿ: ಬಾಸ್, ಮರಾಕಾಸ್ ಅನ್ನುವ ಗಿಲಕಿ, ಬೊಂಗೊ. ಮತ್ತೊಂದು ಸಲ ಕೊನೆಯ ಸಾಲಿಗೆ ಮಾತ್ರ ಕಾಯಿರಿ. ಅಲ್ಲಿ ದನಿ ಏರುತ್ತದೋ ಇಳಿಯುತ್ತದೋ ಬರೆದಿಡಿ. ನಾಲ್ಕನೇ ಹಂತದಲ್ಲಿ ಆ ಟಿಪ್ಪಣಿ ಬೇಕಾಗುತ್ತದೆ.

ಯಾರ ದನಿ ಕೇಳಬೇಕು ಅನ್ನುವುದು ಮುಖ್ಯ. ಚಿಲಿ ದೇಶದ ಲೂಚೊ ಗಾತೀಕಾ ಅವರಿಂದ ಶುರು ಮಾಡಿ. ‘ಕೊಂತೀಗೊ’ ಹಾಡಿಗೆ 1950ರ ದಶಕದಲ್ಲಿ ಅವರು ಕೊಟ್ಟ ದನಿ ಕಿವಿಯ ಹತ್ತಿರ ಬಂದು ಹೇಳಿದಂತಿದೆ. ಉಚ್ಚಾರ ಬಿಡಿಬಿಡಿಯಾಗಿ ಕೇಳಿಸಬೇಕು ಅಂದರೆ ಈಡಿ ಗೋರ್ಮೆ 1964ರಲ್ಲಿ ಪಾಂಚೋಸ್ ಜೊತೆ ಮಾಡಿದ ಆಲ್ಬಂ. ಅವರು ನ್ಯೂಯಾರ್ಕ್‌ನಲ್ಲಿ ಹುಟ್ಟಿದವರು, ಆದರೂ ಒಂದೊಂದು ಅಕ್ಷರವೂ ಸ್ಪಷ್ಟ. ಲೂಯಿಸ್ ಮಿಗೇಲ್ 1991ರಲ್ಲಿ ತಂದ ‘ರೊಮಾನ್ಸೆ’ ಆಲ್ಬಂನಿಂದ ಬೊಲೆರೊ ಹೊಸ ತಲೆಮಾರಿಗೆ ತಲುಪಿತು. ಅದರ ದೊಡ್ಡ ಸ್ಟುಡಿಯೊ ಹೊಳಪು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಆದರೆ ಕಲಿಯುವವರಿಗೆ ಶಬ್ದ ಸ್ವಚ್ಛವಾಗಿ ಸಿಗುತ್ತದೆ, ಅದೂ ಬೇಕು.

ಹಂತ 3: ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ

ಈಗ ಸಾಹಿತ್ಯ ತೆರೆಯಿರಿ. ಆದರೆ ರೋಮನ್ ಅಕ್ಷರ ನೋಡಿ ಹಾಡಬೇಡಿ. ಆ ಅಕ್ಷರ ಕಂಡ ಕೂಡಲೇ ನಾಲಿಗೆ ಇಂಗ್ಲಿಷ್ ಕಡೆ ಹೊರಳುತ್ತದೆ. ಸ್ಪ್ಯಾನಿಷ್ ಬರೆಯಲು ಕನ್ನಡ ಲಿಪಿ ಎಷ್ಟೋ ವಾಸಿ. ಅಲ್ಲಿಯ ಐದು ಸ್ವರಗಳೂ ನಮ್ಮಲ್ಲಿವೆ: ಅ, ಎ, ಇ, ಒ, ಉ. ಅವರ ತ, ದ ನಮ್ಮ ಹಾಗೆ ಹಲ್ಲಿಗೆ ನಾಲಿಗೆ ತಾಗಿಸಿ ಬರುತ್ತವೆ. ಇಂಗ್ಲಿಷ್ ಮೂಲಕ ಬಂದವರು ‘ಟಾರ್ಡೆ’ ಅನ್ನುತ್ತಾರೆ. ನಾವು ಸಲೀಸಾಗಿ ‘ತಾರ್ದೆ’ ಅನ್ನಬಹುದು.

ಬರೆಯುವಾಗ ನೆನಪಿಡಬೇಕಾದ್ದು:

- ಸ್ಪ್ಯಾನಿಷ್‌ನಲ್ಲಿ ಹ್ರಸ್ವ, ದೀರ್ಘ ಅನ್ನುವ ಭೇದ ಇಲ್ಲ. ಒತ್ತು ಇದೆ. ಒತ್ತು ಬೀಳುವ ಕಡೆ ಮಾತ್ರ ದೀರ್ಘ ಬರೆದುಕೊಳ್ಳಿ. ಈ ಬರಹದಲ್ಲಿ ಹಾಡಿನ ಹೆಸರುಗಳನ್ನು ನಾನು ಬರೆದಿರುವುದು ಹಾಗೆಯೇ.
- ಪದ ಸ್ವರದಲ್ಲೋ, ರೋಮನ್‌ನ ಎನ್ ಅಥವಾ ಎಸ್ ಅಕ್ಷರದಲ್ಲೋ ಮುಗಿದರೆ ಒತ್ತು ಕೊನೆಯಿಂದ ಎರಡನೆಯದಕ್ಕೆ. ಇಲ್ಲದಿದ್ದರೆ ಕೊನೆಯದಕ್ಕೆ. ಅಕ್ಷರದ ಮೇಲೆ ಓರೆ ಗೆರೆ ಇದ್ದರೆ ಬೇರೆ ಲೆಕ್ಕ ಬೇಡ, ಒತ್ತು ಅಲ್ಲೇ. ಅದಕ್ಕೇ ‘ಬೇಸಮೆ’, ನಮ್ಮವರು ಸಾಮಾನ್ಯವಾಗಿ ಅನ್ನುವ ‘ಬೆಸಾಮೆ’ ಅಲ್ಲ.
- ಪದದ ಕೊನೆಯ ‘ಅ’ ಬಾಯಿ ತೆರೆದು ಬರಬೇಕು, ‘ಆ’ದಷ್ಟೇ ಅಗಲ, ಆದರೆ ಗಿಡ್ಡ.
- ರೋಮನ್‌ನ ಎಚ್ ಕಂಡರೂ ಉಚ್ಚಾರ ಇಲ್ಲ. ಜೆ ಕಂಡರೆ ‘ಹ’. ದೂರ ಅನ್ನುವ ಪದ ‘ಲೇಹೊಸ್’.
- ಎರಡು ಎಲ್ ಜೊತೆಗಿದ್ದರೆ ‘ಯ’. ಬಿ, ವಿ ಎರಡೂ ಒಂದೇ ಶಬ್ದ. ಎರಡು ಸ್ವರಗಳ ನಡುವೆ ಬಂದರೆ ತುಟಿ ಮುಟ್ಟಿಯೂ ಮುಟ್ಟದ ‘ಬ’.
- ಝಡ್ ಕಂಡರೆ ‘ಸ’. ಸ್ಪೇನ್‌ನಲ್ಲಿ ನಾಲಿಗೆ ಹಲ್ಲಿನ ನಡುವೆ ಇಟ್ಟು ಹೇಳುತ್ತಾರೆ, ಆದರೆ ಕ್ಯೂಬಾ, ಮೆಕ್ಸಿಕೋ ಹಾಡಿಗೆ ಅದು ಬೇಡ.
- ಪದದ ಮೊದಲ ‘ರ’ ಮತ್ತು ಜೋಡಿ ‘ರ್ರ’ ನಾಲಿಗೆ ತುದಿ ನಡುಗಿಸಿ. ಉಳಿದ ಕಡೆ ನಮ್ಮ ಮಾಮೂಲಿ ರ.

ಇದೆಲ್ಲ ಎರಡು ದಿನದ ಕೆಲಸ. ನಿಜವಾಗಿ ಕೈಕೊಡುವುದು ಬೇರೆಯೇ ಒಂದು ಸಂಗತಿ: ಎರಡು ಪದಗಳ ಸ್ವರಗಳು ಎದುರಾದಾಗ ಏನಾಗುತ್ತದೆ ಅನ್ನುವುದು.

ಕನ್ನಡದಲ್ಲಿ ಹೀಗಾದಾಗ ನಮಗೆ ಎರಡು ದಾರಿ. ಒಂದು ಸ್ವರ ಬಿಡುತ್ತೇವೆ, ಊರು ಮತ್ತು ಅಲ್ಲಿ ಸೇರಿ ಊರಲ್ಲಿ. ಅಥವಾ ನಡುವೆ ಯ, ವ ತರುತ್ತೇವೆ, ಮನೆ ಮತ್ತು ಅಲ್ಲಿ ಸೇರಿ ಮನೆಯಲ್ಲಿ. ಸ್ಪ್ಯಾನಿಷ್ ಹಾಡು ಇವೆರಡನ್ನೂ ಮಾಡುವುದಿಲ್ಲ. ಎರಡೂ ಸ್ವರಗಳನ್ನು ಇಟ್ಟುಕೊಂಡು ಒಂದೇ ಎಣಿಕೆಯಲ್ಲಿ ಹಿಂಡುತ್ತದೆ.

‘ಇಸ್ತೋರ್ಯ ದೆ ಉನ್ ಅಮೋರ್’ ಅನ್ನೇ ತೆಗೆದುಕೊಳ್ಳಿ. ಬಿಡಿಸಿ ಓದಿದರೆ ಏಳು ತುಂಡು: ಇಸ್, ತೋ, ರ್ಯ, ದೆ, ಉನ್, ಅ, ಮೋರ್. ಹಾಡುವಾಗ ಆರೇ: ಇಸ್, ತೋ, ರ್ಯ, ದೆಉ, ನ, ಮೋರ್. ‘ದೆ’ ಮತ್ತು ‘ಉ’ ಒಂದೇ ಸ್ವರಸ್ಥಾನದಲ್ಲಿ ಕೂರುತ್ತವೆ. ಉನ್‌ನ ‘ನ್’ ಮುಂದಿನ ‘ಅ’ಗೆ ಅಂಟಿ ‘ನ’ ಆಗುತ್ತದೆ. ಕನ್ನಡದ ನಾಲಿಗೆ ಇಲ್ಲಿ ತನಗೆ ಗೊತ್ತಿಲ್ಲದೆಯೇ ‘ದೆವುನ್’ ಅಂತ ವಕಾರ ತಂದಿಡುತ್ತದೆ. ಅದು ಬಂತು ಅಂದರೆ ಒಂದು ಅಕ್ಷರ ಜಾಸ್ತಿಯಾಗಿ ಸಾಲು ತಾಳದಿಂದ ಆಚೆ ಹೋಗುತ್ತದೆ.

ನೋಟ್‌ಬುಕ್ಕಿನಲ್ಲಿ ಹೀಗೆ ಸ್ವರಗಳು ಎದುರಾಗುವ ಕಡೆಯೆಲ್ಲ ಕೆಳಗೊಂದು ಕಮಾನು ಗೀಚಿ. ಆ ಎರಡನ್ನು ಹತ್ತು ಸಲ ಬೇಗ ಬೇಗ ಹೇಳಿ: ದೆಉ, ದೆಉ, ದೆಉ. ಆಮೇಲೆ ಇಡೀ ಸಾಲು. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಇದನ್ನು ಬಿಟ್ಟರೆ ಐದನೇ ಹಂತ ಆಗುವುದೇ ಇಲ್ಲ.

ಹಂತ 4: ‘ಎಸ್ತಾರ್’ ಎಲ್ಲಿದೆ ಹುಡುಕಿ

ಈಗ ಪೆನ್ಸಿಲ್ಲು ತೆಗೆದುಕೊಳ್ಳಿ. ಸ್ಪ್ಯಾನಿಷ್‌ನಲ್ಲಿ ‘ಇರು’ ಅನ್ನುವುದಕ್ಕೆ ಎರಡು ಕ್ರಿಯಾಪದಗಳಿವೆ. ಒಬ್ಬರು ಎಲ್ಲಿದ್ದಾರೆ, ಹೇಗಿದ್ದಾರೆ ಅಂತ ಹೇಳಲು ಬಳಸುವುದು ‘ಎಸ್ತಾರ್’. ಹತ್ತಿರ ಇದ್ದಾರೋ ಇಲ್ಲವೋ ಅನ್ನುವುದೇ ಹಾಡಿನ ವಿಷಯವಾದಾಗ ಈ ಪದ ಬರದೇ ಇರುವುದಿಲ್ಲ. ಗುರುತಿಸಬೇಕಾದ ರೂಪಗಳು ನಾಲ್ಕೇ: ‘ಎಸ್ತೋಯ್’ ಅಂದರೆ ನಾನಿದ್ದೇನೆ, ‘ಎಸ್ತಾಸ್’ ಅಂದರೆ ನೀನಿದ್ದೀಯ, ‘ಎಸ್ತಾಬಸ್’ ಅಂದರೆ ನೀನು ಇರುತ್ತಿದ್ದೆ, ‘ಎಸ್ತರೇ’ ಅಂದರೆ ನಾನಿರುತ್ತೇನೆ. ಮುಂದೆ ‘ನೊ’ ಇದ್ದರೆ ಇಲ್ಲ.

ಒಂದು ಎಚ್ಚರಿಕೆ. ಮಾನ್ಸನೇರೊ ಹಾಡಿನ ಮೊದಲ ಪದ ‘ಎಸ್ತ’ ಇದಲ್ಲ. ಅದು ‘ಈ’ ಅನ್ನುವ ಪದ, ಒತ್ತು ಮೊದಲಿಗೆ ಬೀಳುತ್ತದೆ.

ನಾಲ್ಕೂ ಹಾಡಿನಲ್ಲಿ ಈ ಪದಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ಕಾಲ ಯಾವುದು ಅಂತ ಬರೆಯಿರಿ. ಆಗ ನಾಲ್ಕು ಬೇರೆ ಬೇರೆ ವಿರಹಗಳು ಕಣ್ಣಿಗೇ ಕಾಣುತ್ತವೆ.

‘ಬೇಸಮೆ ಮೂಚೊ’ದಲ್ಲಿ ಸುತ್ತು ಬೀಳುವುದು ‘ಎಸ್ತರೇ’ಗೆ. ಭವಿಷ್ಯತ್ ಕಾಲ. ನಾಳೆ ಬಹುಶಃ ದೂರ ಇರುತ್ತೇನೆ ಅನ್ನುವ ಮಾತು. ಯಾರು ದೂರ? ನಾನು! ಹಾಡುವವರೇ ಹೊರಟವರು. ಪ್ರಿಯವ್ಯಕ್ತಿ ಇನ್ನೂ ಎದುರಿಗೇ ಇದ್ದಾರೆ, ಕಣ್ಣಲ್ಲಿ ಕಣ್ಣಿಟ್ಟು ನೋಡುವಷ್ಟು ಹತ್ತಿರ. ಹಾಗಾಗಿ ಇದನ್ನು ಗೋಳಿನ ಹಾಡಾಗಿ ಹಾಡಿದರೆ ತಪ್ಪು. ಇದು ಅವಸರದ ಹಾಡು. ಹೊತ್ತು ಕಮ್ಮಿ ಇದೆ ಅನ್ನುವ ಭಯ ದನಿಯಲ್ಲಿ ಇರಬೇಕು.

‘ಇಸ್ತೋರ್ಯ’ದಲ್ಲಿ ಸುತ್ತು ಮೊದಲ ಸಾಲಿನಲ್ಲೇ. ಇನ್ನು ನೀನು ನನ್ನ ಪಕ್ಕದಲ್ಲಿಲ್ಲ ಅಂತ ಹಾಡು ಶುರುವಾಗುವುದೇ ಅಲ್ಲಿಂದ. ವರ್ತಮಾನ ಕಾಲ. ಆದರೆ ಆ ‘ಇಲ್ಲ’ದ ಹಿಂದೆ ಮುಂದೆ ‘ಇನ್ನು ಮೇಲೆ’ ಅನ್ನುವ ಅರ್ಥದ ಪದಗಳು ಬೇಲಿ ಹಾಕಿವೆ. ಆಮೇಲೆ ಕಾಯುವ ಮಾತು ಎಲ್ಲೂ ಬರುವುದಿಲ್ಲ. ದೇವರ ಬಗ್ಗೆ ಒಂದು ಪ್ರಶ್ನೆ ಬರುತ್ತದೆ: ಮತ್ತೆ ನಿನ್ನನ್ನು ನೋಡಲಾಗದ ಮೇಲೆ ಪ್ರೀತಿಸುವ ಹಾಗೆ ದೇವರು ಯಾಕೆ ಮಾಡಿದ? ಸುದ್ದಿಯನ್ನು ಮೊದಲ ಸಾಲಿನಲ್ಲೇ ಹೇಳಿಬಿಟ್ಟಿರುವುದರಿಂದ ಹಾಡುವವರು ಅದನ್ನು ನಿಧಾನಕ್ಕೆ ಬಿಚ್ಚುವ ನಾಟಕ ಮಾಡಬಾರದು. ಸಾವಿನ ಮನೆಯಲ್ಲಿ ಹತ್ತಿರದವರು ಮಾತಾಡುವುದನ್ನು ಕೇಳಿದ್ದೀರಲ್ಲ, ಅಷ್ಟು ಸಪಾಟಾಗಿ ಆ ಮೊದಲ ಸಾಲು ಬರಬೇಕು.

‘ಎಸ್ತ ತಾರ್ದೆ’ಯಲ್ಲಿ ಪೆನ್ಸಿಲ್ಲಿಗೆ ತುಂಬ ಕೆಲಸ. ‘ನೊ ಎಸ್ತಾಬಸ್ ತು’, ನೀನಿರಲಿಲ್ಲ, ಮತ್ತೆ ಮತ್ತೆ ಬರುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಪುಟ್ಟ ಪದಕ್ಕೂ ಸುತ್ತು ಹಾಕಿ: ‘ಬಿ’, ನೋಡಿದೆ. ಮಳೆ ನೋಡಿದೆ, ಓಡುವ ಜನರನ್ನು ನೋಡಿದೆ, ಇನ್ನೊಂದು ರಾತ್ರಿ ನಕ್ಷತ್ರ ನೋಡಿದೆ. ಎರಡೂ ಭೂತಕಾಲವೇ. ಆದರೆ ಸ್ಪ್ಯಾನಿಷ್‌ಗೆ ಎರಡು ಭೂತಕಾಲಗಳಿವೆ. ‘ಬಿ’ ಮುಗಿದುಹೋದ ಕೆಲಸ: ಮಳೆ ಬಂತು, ನೋಡಿದೆ, ಆಯಿತು. ‘ಎಸ್ತಾಬಸ್’ ಮುಗಿಯದೆ ಉದ್ದಕ್ಕೆ ಹರಿಯುವ ಭೂತಕಾಲ. ನೋಡಿದ್ದೆಲ್ಲ ಒಂದೊಂದಾಗಿ ಮುಗಿಯುತ್ತದೆ, ಅವಳಿಲ್ಲದ್ದು ಮಾತ್ರ ಮುಂದುವರಿಯುತ್ತದೆ. ಇಡೀ ಹಾಡು ನಿಂತಿರುವುದು ಈ ಎರಡು ಕಾಲಗಳ ನಡುವೆ.

ಇದನ್ನು ಹಾಡುವುದು ಹೇಗೆ? ‘ಬಿ’ಯನ್ನು ಚುಟುಕಾಗಿ ಮುಟ್ಟಿ ಬಿಡಿ. ‘ಎಸ್ತಾಬಸ್’ ಮೇಲೆ ಸ್ವಲ್ಪ ನಿಲ್ಲಿ. ಇಷ್ಟು ಮಾಡಿದರೆ ಸಾಕು, ಬೇರೆ ಭಾವ ತುಂಬುವ ಕಷ್ಟ ಬೇಡ. ಇನ್ನೊಂದು ಮಾತು: ಈ ಹಾಡಿನಲ್ಲಿ ಅವಳಿಗೆ ಏನಾಯಿತು ಅಂತ ಹೇಳುವುದೇ ಇಲ್ಲ. ನನ್ನ ನೆನಪು ಮಾಡಿಕೊಳ್ಳುತ್ತಿದ್ದೀಯೋ ಮೋಸ ಮಾಡುತ್ತಿದ್ದೀಯೋ ಗೊತ್ತಿಲ್ಲ ಅಂತ ಅವನೇ ಹೇಳುತ್ತಾನೆ. ಗೊತ್ತಿರುವುದು ಮಳೆ ಬಂದದ್ದು ಮತ್ತು ಅವಳಿರಲಿಲ್ಲ ಅನ್ನುವುದು, ಅಷ್ಟೇ. ಗೊತ್ತಿಲ್ಲದ್ದನ್ನು ದನಿಯಿಂದ ತುಂಬಲು ಹೋಗಬೇಡಿ. ಮೋಸ ಹೋದವನ ಸಿಟ್ಟೂ ಬೇಡ, ಕಳೆದುಕೊಂಡವನ ಅಳುವೂ ಬೇಡ. ಅಮೆರಿಕದ ಟೋನಿ ಬೆನೆಟ್ 1968ರಲ್ಲಿ ಇದನ್ನು ಇಂಗ್ಲಿಷ್ ಸಾಹಿತ್ಯದಲ್ಲಿ ಹಾಡಿದರು. ಎರಡನ್ನೂ ಒಂದರ ಮೇಲೊಂದು ಕೇಳಿ ನೋಡಿ, ರಾಗ ಒಂದೇ ಆದರೂ ಮಾತು ಬದಲಾದಾಗ ದನಿ ಎಲ್ಲೆಲ್ಲಿ ನಿಲ್ಲುತ್ತದೆ ಅಂತ.

ಇನ್ನು ‘ಕೊಂತೀಗೊ ಎನ್ ಲ ದಿಸ್ತಾನ್ಸ್ಯ’. ಇದರಲ್ಲಿ ‘ನೊ’ಗಳಿಗೂ ಸುತ್ತು ಹಾಕಿ. ಹಾಳೆ ತುಂಬ ಸುತ್ತುಗಳಾಗುತ್ತವೆ. ನಿನ್ನಿಂದ ದೂರ ಸರಿಯಬಲ್ಲ ಗಳಿಗೆ ಇಲ್ಲ. ನೀನು ಮೂಡದ ಇಂಪಾದ ಹಾಡಿಲ್ಲ. ನೀನು ಕೇಳದಿದ್ದರೆ ನನಗೂ ಕೇಳುವುದು ಬೇಡ. ಸಮಾಧಾನ ಕೊಡುವಂಥದ್ದು ಯಾವುದೂ ಇಲ್ಲ. ‘ನೊ ಎಸ್ತಾಸ್’, ನೀನಿಲ್ಲ, ಎರಡು ಸಲ. ಹೀಗೆ ಇಲ್ಲ ಇಲ್ಲ ಅಂತಲೇ ಬಂದ ಹಾಡು ಕೊನೆಯ ಸಾಲಿನಲ್ಲಿ ತಿರುಗುತ್ತದೆ. ಕೊನೆಯ ಪದ ‘ಎಸ್ತೋಯ್’. ದೂರದಲ್ಲಿ ನಿನ್ನೊಂದಿಗೆ ಇದ್ದೇನೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು ನಮಗೆ ಸಹಜ, ಆದರೆ ಸ್ಪ್ಯಾನಿಷ್‌ನಲ್ಲಿ ಹಾಗೆ ಬರುವುದು ಮಾಮೂಲಲ್ಲ. ಬೇಕೆಂದೇ ಕೊನೆಯವರೆಗೆ ತಡೆದಿಟ್ಟಿದ್ದಾರೆ.

ಎರಡನೇ ಹಂತದಲ್ಲಿ ಕೊನೆಯ ಸಾಲಿನ ಬಗ್ಗೆ ಬರೆದಿಟ್ಟ ಟಿಪ್ಪಣಿ ಈಗ ತೆಗೆಯಿರಿ. ಯಾವ ಗಾಯಕರು ಆ ‘ಎಸ್ತೋಯ್’ ಅನ್ನು ಗೆದ್ದ ದನಿಯಲ್ಲಿ ಎತ್ತಿ ಹಾಡುತ್ತಾರೆ, ಯಾರು ಮೆಲ್ಲಗೆ ಇಡುತ್ತಾರೆ ನೋಡಿ. ನನ್ನ ಮತ ಮೆಲ್ಲಗೆ ಇಡುವವರಿಗೆ. ಅಷ್ಟು ‘ಇಲ್ಲ’ಗಳ ನಂತರ ಬರುವ ಒಂದು ‘ಇದ್ದೇನೆ’ಗೆ ಕೂಗಾಟ ಬೇಕಾಗಿಲ್ಲ.

ಇದೇ ಹಂತದಲ್ಲಿ ಪ್ರತಿ ಸಾಲಿನ ಕೆಳಗೆ ನಿಮ್ಮದೇ ಕನ್ನಡದಲ್ಲಿ ಅರ್ಥ ಬರೆಯಿರಿ. ಗದ್ಯ ಸಾಕು, ಪ್ರಾಸ ಬೇಡ. ಯಂತ್ರಾನುವಾದದ ಸಹಾಯ ಪಡೆಯಿರಿ, ಆದರೆ ಕಾಲ ಮತ್ತು ‘ಯಾರು’ ಅನ್ನುವುದನ್ನು ನೀವೇ ಪರೀಕ್ಷಿಸಿ. ಸ್ಪ್ಯಾನಿಷ್‌ನಲ್ಲೂ ಕನ್ನಡದಂತೆ ನಾನು, ನೀನು ಅನ್ನದೆ ಕ್ರಿಯಾಪದದಲ್ಲೇ ಅದನ್ನು ಹೇಳಿಬಿಡಬಹುದು. ನಡುವೆ ಇಂಗ್ಲಿಷ್ ಹೊಕ್ಕಾಗ ಯಂತ್ರ ಎಡವುವುದು ಇಲ್ಲೇ. ‘ತು’ ಅಂದರೆ ನೀನು, ‘ಉಸ್ತೇದ್’ ಅಂದರೆ ನೀವು. ಹೆಚ್ಚಿನ ಬೊಲೆರೊಗಳು ‘ನೀನು’ ಅನ್ನುತ್ತವೆ. ಪ್ರೀತಿಸಿದವರನ್ನು ‘ನೀವು’ ಅಂತಲೇ ಕರೆದು ಕೊರಗುವ ಒಂದು ಪ್ರಸಿದ್ಧ ಬೊಲೆರೊನೂ ಇದೆ, ಹೆಸರೇ ‘ಉಸ್ತೇದ್’. ಅದರ ಗತ್ತು ಇಂಗ್ಲಿಷಿನವರಿಗಿಂತ ನಮಗೆ ಬೇಗ ಅರ್ಥವಾಗುತ್ತದೆ.

ಹಂತ 5: ತಾಳಕ್ಕೆ ಕೂರಿಸಿ, ಆಮೇಲೆ ತಡ ಮಾಡಿ

ಬೊಲೆರೊ ನಾಲ್ಕೆಣಿಕೆಯದು, ನಿಧಾನಗತಿ. ಮೆಟ್ರೊನೋಮ್ ಆ್ಯಪ್ ಅನ್ನು ನಿಮಿಷಕ್ಕೆ 80ಕ್ಕೆ ಇಟ್ಟು ಶುರು ಮಾಡಿ. ಬಾಸ್ ಸಾಮಾನ್ಯವಾಗಿ ನುಡಿಸುವುದು ಹೀಗೆ: ಒಂದನೇ ಎಣಿಕೆಯಲ್ಲಿ ಒಂದು ಸ್ವರ, ಅದು ಎರಡರವರೆಗೂ ಉಳಿಯುತ್ತದೆ, ಆಮೇಲೆ ಮೂರು ಮತ್ತು ನಾಲ್ಕಕ್ಕೆ ಒಂದೊಂದು. ತೊಡೆಯ ಮೇಲೆ ಇದನ್ನೇ ತಟ್ಟಿ. ಮರಾಕಾಸ್ ಒಂದು ಸುತ್ತಿಗೆ ಎಂಟು ಸಲ ಅಲುಗುತ್ತದೆ, ಅದನ್ನು ಬಾಯಲ್ಲೇ ‘ಚಿಕ್ ಚಿಕ್’ ಅಂತ ಹೇಳಿಕೊಳ್ಳಬಹುದು.

ಈಗ ಹಾಡಬೇಡಿ. ಸಾಹಿತ್ಯವನ್ನು ಮಾತಿನ ಹಾಗೆ ತಾಳದೊಳಗೆ ಹೇಳಿ. ಎಷ್ಟೋ ಸಾಲುಗಳು ಒಂದನೇ ಎಣಿಕೆ ಕಳೆದ ಮೇಲೆ ಶುರುವಾಗುತ್ತವೆ. ಕರ್ನಾಟಕ ಸಂಗೀತ ಕಲಿತವರಿಗೆ ಇದು ಅನಾಗತ ಎಡುಪು, ಗಾಬರಿ ಬೇಡ. ಆದರೆ ಕೈಯಲ್ಲಿ ಜೋರಾಗಿ ತಾಳ ಹಾಕುವ ಅಭ್ಯಾಸ ಇದ್ದರೆ ದನಿಯಲ್ಲೂ ಆ ಪೆಟ್ಟು ಬಂದುಬಿಡುತ್ತದೆ. ಕೈ ಕಟ್ಟಿ, ಕಾಲಿನಲ್ಲಿ ಮಾತ್ರ ಎಣಿಸಿ.

ಇದು ಕೂತ ಮೇಲೆ ಬರುವುದು ಬೊಲೆರೊದ ನಿಜವಾದ ಕಸುಬು. ವಾದ್ಯಗಳು ತಾಳ ಬಿಡುವುದಿಲ್ಲ, ಕಂಠ ಹಿಂದೆ ಬೀಳುತ್ತದೆ. ಬರಬೇಕಾದ ಅಕ್ಷರ ಸ್ವಲ್ಪ ತಡವಾಗಿ ಬರುತ್ತದೆ, ಸಾಲಿನ ಕೊನೆಗೆ ಹೋಗುವಷ್ಟರಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಕಾಯುವಿಕೆ ಅನ್ನುವುದು ಮಾತಿನಲ್ಲಿ ಅಷ್ಟೇ ಅಲ್ಲದೆ ಲಯದಲ್ಲೂ ಕೇಳಿಸುವುದು ಇದರಿಂದಲೇ. ಅಭ್ಯಾಸ ಮಾಡುವ ರೀತಿ: ಒಂದು ಸಾಲು ತಾಳಕ್ಕೆ ಸರಿಯಾಗಿ ಹಾಡಿ. ಅದನ್ನೇ ಅರ್ಧ ಎಣಿಕೆ ತಡವಾಗಿ ಶುರು ಮಾಡಿ, ಕೊನೆಯ ಪದ ಮಾತ್ರ ಸರಿಯಾದ ಜಾಗಕ್ಕೆ ಬರಲಿ. ನಡುವಿನ ಪದಗಳು ತಾವೇ ಹತ್ತಿರ ಸರಿಯುತ್ತವೆ. ಎಲ್ಲ ಸಾಲಿಗೂ ಹೀಗೆ ಮಾಡಿದರೆ ತೂರಾಡಿದಂತೆ ಕೇಳುತ್ತದೆ. ಒಂದು ಚರಣಕ್ಕೆ ಒಂದು ಕಡೆ ಸಾಕು. ನಾಲ್ಕನೇ ಹಂತದಲ್ಲಿ ಸುತ್ತು ಹಾಕಿದ ಪದ ಇರುವ ಸಾಲೇ ಅದಕ್ಕೆ ಸರಿಯಾದ ಜಾಗ.

ಹಂತ 6: ಗಿಟಾರ್ ಇದ್ದರೆ

‘ಇಸ್ತೋರ್ಯ’ವನ್ನು ಎ ಮೈನರ್‌ನಲ್ಲಿ ಹಿಡಿದರೆ ಎ ಮೈನರ್, ಡಿ ಮೈನರ್, ಇ ಸೆವೆಂತ್ ಮೂರರಲ್ಲೇ ಹೆಚ್ಚು ಭಾಗ ದಾಟುತ್ತದೆ. ಹೆಬ್ಬೆರಳಿನಲ್ಲಿ ಬಾಸ್ ನಡೆ, ಉಳಿದ ಬೆರಳುಗಳಲ್ಲಿ ಮೆಲ್ಲಗೆ ಮೀಟು. ಸ್ಟ್ರಮ್ ಮಾಡಬೇಡಿ.

ಪಾಂಚೋಸ್ ಹಾಡುಗಳಲ್ಲಿ ಎತ್ತರದಲ್ಲಿ ಮಿನುಗುವ ಚಿಕ್ಕ ಗಿಟಾರ್ ಕೇಳುತ್ತದಲ್ಲ, ಅದು ರೆಕಿಂತೊ. ತಂಡದ ಆಲ್ಫ್ರೇದೊ ಹಿಲ್ ರೂಪಿಸಿದ್ದು. ಮಾಮೂಲಿ ಗಿಟಾರಿಗಿಂತ ಶ್ರುತಿ ಎತ್ತರ. ಐದನೇ ಫ್ರೆಟ್‌ಗೆ ಕೇಪೊ ಹಾಕಿದರೆ ನಿಮ್ಮ ಗಿಟಾರಿನಲ್ಲೇ ಆ ಎತ್ತರ ಸಿಗುತ್ತದೆ.

‘ಕೊಂತೀಗೊ’ ಬೇರೆ ಜಾತಿ. ಪೊರ್ತೀಯೊ ಮತ್ತು ಅವರ ಗೆಳೆಯರು ಹವಾನಾದ ಹಾಮೆಲ್ ಓಣಿಯಲ್ಲಿ ಆಂಹೆಲ್ ದೀಯಸ್ ಅನ್ನುವ ಗಾಯಕರ ಮನೆಯಲ್ಲಿ ಸೇರುತ್ತಿದ್ದರು. ಅಮೆರಿಕದ ಜಾಝ್ ಅವರ ತಲೆಗೆ ಹತ್ತಿತ್ತು. ತಮ್ಮ ಹಾಡಿಗೆ ‘ಫಿಲಿನ್’ ಅಂದರು, ಇಂಗ್ಲಿಷಿನ ಫೀಲಿಂಗ್ ಕ್ಯೂಬಾದ ಬಾಯಲ್ಲಿ ಆದದ್ದು ಅದು. ಸೆವೆಂತ್, ನೈಂತ್ ಕಾರ್ಡ್‌ಗಳು ಬೆರಳನ್ನು ಸುಮ್ಮನಿರಲು ಬಿಡುವುದಿಲ್ಲ. ಗಿಟಾರ್ ಬಲ್ಲ ಗೆಳೆಯರಿದ್ದರೆ ಅವರ ಕೈಗೆ ಕೊಡಿ.

ಹಂತ 7: ಹಾಡಿ

ಶ್ರುತಿ ಒಂದು ಮಟ್ಟ ಕೆಳಗಿಡಿ. ಬೊಲೆರೊ ಒಬ್ಬರಿಗೆ ಹೇಳುವ ಮಾತು, ಸಭೆಗೆ ಅಲ್ಲ. ಎತ್ತರದ ಸ್ವರ ಮುಟ್ಟಲು ಕತ್ತಿನ ನರ ಉಬ್ಬಿಸಬೇಕಾದರೆ ಶ್ರುತಿ ತಪ್ಪಾಗಿದೆ ಅಂತಲೇ ಅರ್ಥ. ಫೋನನ್ನು ಒಂದು ಗೇಣು ದೂರದಲ್ಲಿಟ್ಟು ರೆಕಾರ್ಡ್ ಮಾಡಿ. ಅಷ್ಟು ಹತ್ತಿರದಲ್ಲಿ ಕೇಳಲು ಹಿತವಾಗಿದ್ದರೆ ದನಿಯ ಅಳತೆ ಸರಿ ಇದೆ.

ಗಮಕ ಹಾಕಬೇಡಿ. ಕರ್ನಾಟಕ, ಹಿಂದೂಸ್ತಾನಿ ಕಲಿತ ಗಂಟಲಿಗೆ ಇದು ಹಿಂಸೆ, ಆದರೂ ಬೇಡ. ಸ್ವರದಿಂದ ಸ್ವರಕ್ಕೆ ಸಣ್ಣ ಜಾರು ಇರಲಿ, ಉದ್ದ ಸ್ವರದ ಕೊನೆಗೆ ಮಾತ್ರ ತುಸು ಕಂಪನ. ‘ಎಸ್ತೋಯ್’ನಂಥ ಪದ ಉದ್ದ ಹಿಡಿಯುವಾಗ ‘ಓ’ ಮೇಲೆ ನಿಂತು ಕಟ್ಟಕಡೆಗೆ ‘ಯ್’ ಮುಚ್ಚಿ. ಬೇಗ ಮುಚ್ಚಿದರೆ ‘ಈ’ ಅಂತ ಕೀರಲು ಬರುತ್ತದೆ.

ಅಳುವಿನ ಬಿಕ್ಕು ದನಿಗೆ ತರಬೇಡಿ. ಇದಕ್ಕೆ ಬೊಲೆರೊ ಲೋಕದಲ್ಲೇ ಎದುರು ಮಾತಿದೆ, ಗೊತ್ತು. ಕ್ಯೂಬಾದ ಓಲ್ಗಾ ಗೀಯೋತ್ ಒಂದೊಂದು ಹಾಡನ್ನೂ ನಾಟಕದ ದೃಶ್ಯದ ಹಾಗೆ ಆಡಿ ತೋರಿಸುತ್ತಿದ್ದರು, ಜನ ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಅದು ಅವರ ಕಂಠಕ್ಕೆ ನಡೆಯಿತು. ಕಲಿಯುವಾಗ ಆ ದಾರಿ ಹಿಡಿದರೆ ಉಚ್ಚಾರ, ತಾಳ ಎರಡೂ ಅಳುವಿನಲ್ಲಿ ಕೊಚ್ಚಿಹೋಗುತ್ತವೆ.

ಹೆಣ್ಣು, ಗಂಡು ಅನ್ನುವುದು ಸಾಹಿತ್ಯದಲ್ಲಿ ಕೆಲವು ಕಡೆ ಮಾತ್ರ ಕಾಣುತ್ತದೆ. ‘ಕೊಂತೀಗೊ’ದ ಕೊನೆಯಲ್ಲಿ ಬರುವ ‘ಅಮಾದ ಮೀಯ’ ಹೆಣ್ಣಿಗೆ. ಗಂಡಿಗೆ ಹಾಡುವವರು ‘ಅಮಾದೊ ಮೀಯೊ’ ಅನ್ನುತ್ತಾರೆ. ಎರಡೂ ರೂಢಿಯಲ್ಲಿವೆ, ನಿಮಗೆ ಬೇಕಾದ್ದು ಹಾಡಿ.

ವಿಡಿಯೊ ಮಾಡಿ ಹಾಕುವ ಆಲೋಚನೆ ಇದ್ದರೆ ಒಂದು ಮಾತು ನೆನಪಿಡಿ. ಇವು ಹಳೆಯ ಹಾಡುಗಳು ನಿಜ, ಆದರೆ ಹಕ್ಕು ಮುಗಿದಿಲ್ಲ. ಬೆಲಾಸ್ಕೆಸ್ ತೀರಿಕೊಂಡದ್ದು 2005ರಲ್ಲಿ, ಪೊರ್ತೀಯೊ 2013ರಲ್ಲಿ, ಮಾನ್ಸನೇರೊ 2020ರಲ್ಲಿ. ಭಾರತದ ಕಾನೂನಿನಲ್ಲಿ ರಚಿಸಿದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ, ಮೆಕ್ಸಿಕೋದಲ್ಲಿ 100 ವರ್ಷದವರೆಗೂ. ಮನೆಯಲ್ಲಿ, ಗೆಳೆಯರ ನಡುವೆ ಹಾಡಲು ಯಾರ ಅಡ್ಡಿಯೂ ಇಲ್ಲ. ಆನ್‌ಲೈನ್‌ನಲ್ಲಿ ಹಾಕಿದರೆ ಹಕ್ಕುದಾರರ ನೋಟಿಸ್ ಬರಬಹುದು, ಜಾಹೀರಾತಿನ ಹಣ ಅವರಿಗೆ ಹೋಗಬಹುದು. ರಚಿಸಿದವರ ಹೆಸರನ್ನಂತೂ ತಪ್ಪದೆ ಹಾಕಿ, ಗಾಯಕರ ಹೆಸರು ಮಾತ್ರ ಹಾಕಿ ಕೈತೊಳೆದುಕೊಳ್ಳಬೇಡಿ.

ಮೊದಲ ಹಾಡು ಕೈಗೆ ಬಂದ ಮೇಲೆ ಕಲಿಯುವ ಕ್ರಮ ಹೀಗಿರಲಿ: ‘ಇಸ್ತೋರ್ಯ’ ಆದ ಮೇಲೆ ‘ಬೇಸಮೆ’, ಆಮೇಲೆ ‘ಎಸ್ತ ತಾರ್ದೆ’, ಕಡೆಗೆ ‘ಕೊಂತೀಗೊ’. ನಾಲ್ಕೂ ಮುಗಿದ ಮೇಲೆ ಮೆಕ್ಸಿಕೋದ ರೊಬೇರ್ತೊ ಕಾಂತೊರಾಲ್ ಅವರ ‘ಎಲ್ ರೆಲೋಹ್’ ಹಿಡಿಯಿರಿ. ಬೆಳಗಾದರೆ ಅವಳು ಹೋಗಿಬಿಡುತ್ತಾಳೆ, ನಿಂತುಬಿಡು ಅಂತ ಗಡಿಯಾರವನ್ನು ಬೇಡುವ ಹಾಡು ಅದು. ಸಾಹಿತ್ಯ ತೆರೆಯುವ ಮೊದಲೇ ಪೆನ್ಸಿಲ್ಲು ಚೂಪು ಮಾಡಿಟ್ಟುಕೊಳ್ಳಿ, ಅಲ್ಲಿ ಹುಡುಕಬೇಕಾದ ಕ್ರಿಯಾಪದ ಬೇರೆ.